ಎಕರೆಗೆ ಮೂರೂವರೆ ಗುಂಟೆ ಪುಕ್ಕಟೆ!

ನಿಪ್ಪಾಣಿ ಕಡೆ ಒಂದು ಎಕರೆ ತಂಬಾಕಿನ ಹೊಲ ಇದೆ ಅಂದುಕೊಳ್ಳಿ. ಉತಾರದಲ್ಲಿ ಸರಿಯಾಗಿ 40 ಗುಂಟೆ. ಕಂಪ್ಯೂಟರಿನಲ್ಲಿ ಗೂಗಲ್ ಮಾದರಿಯ ನಕ್ಷೆ ತೆರೆದು, ಬದುವಿನ ಮೇಲೆ ಗೆರೆ ಎಳೆದು, ಆ ನಕ್ಷೆಯ ಮೀಟರಿನಲ್ಲೇ ಗುಣಿಸಿದರೆ ಲೆಕ್ಕ 43 ಗುಂಟೆ ದಾಟುತ್ತದೆ. ಮೂರೂವರೆ ಗುಂಟೆ ಪುಕ್ಕಟೆ! ನೀವು ಒತ್ತಿಕೊಂಡಿದ್ದೀರೆಂದು ಬಾಜೂದವನು ತಂಟೆ ತೆಗೆಯುವ ಮೊದಲು ನಕ್ಷೆಯನ್ನು ವಿಚಾರಿಸಿ. ತಪ್ಪು ಬದುವಿನದಲ್ಲ, ಪ್ರಕ್ಷೇಪದ್ದು.

ದುಂಡು ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಲೆಕ್ಕಾಚಾರವೇ ಪ್ರಕ್ಷೇಪ. ಉಬ್ಬಿದ ತೊಗಲನ್ನು ಹಲಗೆಯ ಮೇಲೆ ಸಪಾಟು ಮಾಡಬೇಕಾದರೆ ಎಳೆಯಬೇಕು, ಇಲ್ಲವೇ ಕೊಯ್ಯಬೇಕು. ಅಥಣಿಯ ಚಪ್ಪಲಿ ಮಾಡುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಜರ್ಮನಿಯ ಗಣಿತಜ್ಞ ಗೌಸ್ 1827ರಲ್ಲಿ ಇದಕ್ಕೆ ಪುರಾವೆಯನ್ನೇ ಕೊಟ್ಟ. ಆಕಾರ, ವಿಸ್ತೀರ್ಣ, ದೂರ ಎಲ್ಲವನ್ನೂ ಉಳಿಸುವ ನಕ್ಷೆ ಇಲ್ಲ, ಮುಂದೆಯೂ ಬರುವುದಿಲ್ಲ.

ನಮ್ಮ ಮೊಬೈಲಿನ ನಕ್ಷೆಯ ಮೂಲ 1569ರ ಮರ್ಕೇಟರ್ ಪ್ರಕ್ಷೇಪ. ಹಡಗಿನವರಿಗೆ ದಿಕ್ಕು ತಪ್ಪಬಾರದೆಂದು ಮಾಡಿದ್ದು. ಅದರಲ್ಲಿ ಕೋನ ಕೆಡುವುದಿಲ್ಲ, ಆದರೆ ಸಮಭಾಜಕದಿಂದ ದೂರ ಹೋದಷ್ಟೂ ನೆಲ ಹಿಗ್ಗುತ್ತದೆ. ಗ್ರೀನ್‌ಲ್ಯಾಂಡಿನ ಒಂದೂವರೆ ಪಟ್ಟು ಇರುವ ಭಾರತ ಅದರ ಮುಂದೆ ಚಿಕ್ಕದಾಗಿ ಕಾಣುವುದು ಇದೇ ಕಾರಣಕ್ಕೆ. ಹದಿನಾರೂವರೆ ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಕಾಗವಾಡ, ಅಥಣಿ ಈ ನಮ್ಮ ಐದೂ ತಾಲ್ಲೂಕುಗಳಲ್ಲಿ ಹಿಗ್ಗು ಶೇಕಡಾ ಎಂಟೊಂಬತ್ತು. ಕಾಗವಾಡದಿಂದ ಮಿರಜಿಗೆ ದಾರಿ ನೋಡಲು ಅಡ್ಡಿಯಿಲ್ಲ. ಒಳ್ಳೆಯ ಆ್ಯಪ್‌ಗಳ ಅಳತೆಯ ಸೌಲಭ್ಯವೂ ದುಂಡು ಭೂಮಿಯ ಲೆಕ್ಕದಲ್ಲೇ ನಡೆಯುತ್ತದೆ. ತೊಂದರೆ ಬರುವುದು ಪರದೆಯ ಚಿತ್ರವನ್ನೇ ನೆಲವೆಂದು ನಂಬಿದಾಗ.

ಹೊಲ ಅಳೆಯುವ ಕೆಲಸಕ್ಕೆ ಯುಟಿಎಂ ಎಂಬ ಪ್ರಕ್ಷೇಪ ಇದೆ. ಮರ್ಕೇಟರ್ ಭೂಮಿಗೆ ಸುತ್ತಿದ ಕಾಗದದ ಕೊಳವೆ ಸಮಭಾಜಕವನ್ನು ತಾಕುತ್ತದೆ. ಇಲ್ಲಿ ಅದೇ ಕೊಳವೆಯನ್ನು ಅಡ್ಡ ಮಲಗಿಸಿ ಒಂದು ರೇಖಾಂಶದ ಗುಂಟ ಕೂರಿಸುತ್ತಾರೆ. ಜಗತ್ತನ್ನು ಆರಾರು ಡಿಗ್ರಿಯ 60 ವಲಯಗಳಾಗಿ ಸೀಳಿ, ಪ್ರತಿ ವಲಯಕ್ಕೂ ಅದರದೇ ನಡುರೇಖೆ. ನಮ್ಮದು 43ನೆಯ ವಲಯ, ನಡುರೇಖೆ 75 ಡಿಗ್ರಿ ಪೂರ್ವ. ಆ ರೇಖೆ ಅಥಣಿ ಪಟ್ಟಣದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ ಹಾಯುತ್ತದೆ! ನಡುರೇಖೆಯ ಮೇಲೆ ಕಿಲೋಮೀಟರಿಗೆ 40 ಸೆಂಟಿಮೀಟರ್ ಬೇಕೆಂದೇ ಕಡಿಮೆ ಇಟ್ಟಿದ್ದಾರೆ, ವಲಯದ ಅಂಚಿನಲ್ಲಿ ಹಿಗ್ಗು ಮಿತಿಮೀರದಿರಲಿ ಎಂದು. ನಿಪ್ಪಾಣಿಯಲ್ಲಿ ಈ ಕೊರತೆ ಸುಮಾರು 35 ಸೆಂಟಿಮೀಟರ್. ಎಕರೆಗೆ ಲೆಕ್ಕ ಹಾಕಿದರೆ ಮೂವತ್ತು, ಮೂವತ್ತೈದು ಚದರ ಅಡಿ. ಒಂದು ಗುಂಟೆಯೇ 1,089 ಚದರ ಅಡಿ ಇರುವಾಗ ಇದಕ್ಕೆ ಯಾರೂ ಕೋರ್ಟು ಹತ್ತುವುದಿಲ್ಲ.

ಅದೇ 75ರ ರೇಖೆ ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ಹಾಳೆಗಳಲ್ಲಿ ಗಡಿಯಾಗುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಕಾಗವಾಡ 47 ಎಲ್ ಹಾಳೆಯಲ್ಲಿ; ಅಥಣಿ ಪಟ್ಟಣ ಮಾತ್ರ 47 ಪಿ. ಈ ಹಾಳೆಗಳದು ಪಾಲಿಕೋನಿಕ್ ಪ್ರಕ್ಷೇಪ, ಎವರೆಸ್ಟ್ ಎಂಬ ಗೋಳಾಭದ (ಭೂಮಿಯ ಆಕಾರದ ಹಳೆಯ ಮಾದರಿ) ಆಧಾರ. ಒಂದೊಂದು ಹಾಳೆ ತನ್ನಷ್ಟಕ್ಕೆ ಚೊಕ್ಕ, ಹತ್ತಾರನ್ನು ಜೋಡಿಸಿದರೆ ಸಂದಿ ಬೀಳುತ್ತದೆ. ಜಿಪಿಎಸ್ ಅಂಕೆಯನ್ನು ಈ ಹಾಳೆಗಳ ಮೇಲೆ ಹಾಗೇ ಇಟ್ಟರೆ ಜಾಗವೂ ತಪ್ಪುತ್ತದೆ. 2005ರ ರಾಷ್ಟ್ರೀಯ ನಕ್ಷಾ ನೀತಿ ಬಂದ ಮೇಲೆ ಸಾರ್ವಜನಿಕ ಹಾಳೆಗಳು ಯುಟಿಎಂ ಪ್ರಕ್ಷೇಪಕ್ಕೆ ಮತ್ತು ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಆಧಾರಕ್ಕೆ ಬಂದವು.

ಮುಂಬಯಿ ಪ್ರಾಂತ್ಯದ ಕಾಲದ ಗ್ರಾಮ ನಕ್ಷೆಗೆ ಈ ಯಾವ ರಗಳೆಯೂ ಇಲ್ಲ. 33 ಅಡಿಯ ಸರಪಳಿ ಎಳೆದು ಬರೆದದ್ದು. ಒಂದೂರಿನ ಅಗಲದಲ್ಲಿ ಭೂಮಿಯ ದುಂಡುತನ ಗಣನೆಗೇ ಬರುವುದಿಲ್ಲ.

ಊರು ದಾಟಿದರೆ ಪ್ರಕ್ಷೇಪ ಬೇಕೇ ಬೇಕು. ಕೃಷ್ಣೆಯ 2019ರ ಆಗಸ್ಟಿನಂಥ ಮಹಾಪೂರದಲ್ಲಿ ಈ ತಾಲ್ಲೂಕುಗಳ ಎಷ್ಟು ಕಬ್ಬು ಮುಳುಗಿತೆಂದು ಎಣಿಸಲು ಯುಟಿಎಂ ಸಾಕು. ಆದರೆ ಮಹಾಬಳೇಶ್ವರದಿಂದ ಸಮುದ್ರದವರೆಗೆ ಇಡೀ ಕೃಷ್ಣಾ ಕಣಿವೆಯ ಲೆಕ್ಕ ಬೇಕೆಂದರೆ ನದಿ 44ನೆಯ ವಲಯಕ್ಕೆ ದಾಟಿಬಿಡುತ್ತದೆ. ಆಗ ಆಲ್ಬರ್ಸ್‌ನಂಥ ಸಮವಿಸ್ತೀರ್ಣ ಪ್ರಕ್ಷೇಪವೇ ಸರಿ. ಕೋಲಾರ ಕೂಡ 78 ಡಿಗ್ರಿಯ ಆಚೆಗಿದೆ, ಆದ್ದರಿಂದ ರಾಜ್ಯದ ನಕ್ಷೆಗೆ ಲ್ಯಾಂಬರ್ಟನ ಶಂಕು ಪ್ರಕ್ಷೇಪ ಒಳ್ಳೆಯದು. ಶಾಲೆಯ ಗೋಡೆಗೆ ಮರ್ಕೇಟರ್ ಜಗತ್ತು ಬೇಡವೇ ಬೇಡ ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ.

ಖಾಸಗಿಯವರಿಗೆ ದುಡ್ಡು ಕೊಟ್ಟು ಜಿಪಿಎಸ್ ಮೋಜಣಿ ಮಾಡಿಸುವವರು ನಕ್ಷೆಯ ಮೂಲೆಯಲ್ಲಿ ‘ಯುಟಿಎಂ 43 ಉತ್ತರ, ಡಬ್ಲ್ಯುಜಿಎಸ್ 84’ ಎಂದು ಬರೆಸಿಕೊಳ್ಳಿ. ಬರೆಯದಿದ್ದರೆ ಯಾವ ಪ್ರಕ್ಷೇಪದಲ್ಲಿ ಗುಂಟೆ ಎಣಿಸಿದಿರೆಂದು ಕೇಳಿ, ಉತ್ತರ ಬಂದ ಮೇಲೆಯೇ ಹಣ ಕೊಡಿ.