ಸರ್ವೆ ನಂಬರಿನಲ್ಲಿ ಮುತ್ತಾತ, ಹಂಡೆಯ ಕಂಠದಲ್ಲಿ ಮುತ್ತಜ್ಜಿ

30×40 ಸೈಟು ಎಂದರೆ 1200 ಚದರಡಿ. ರೈತರ ಒಂದು ಗುಂಟೆ 1089 ಚದರಡಿ. ಕೆಂಗೇರಿ ಉಪನಗರದಲ್ಲಿ ಅಂಥ ಸೈಟಿನ ಒಂದೊಂದು ಮನೆಯೂ ಹೆಚ್ಚುಕಡಿಮೆ ಒಂದು ಗುಂಟೆ ಹೊಲದ ಮೇಲೆ ನಿಂತಿದೆ. ಆ ಹೊಲಕ್ಕೊಂದು ಸರ್ವೆ ನಂಬರಿತ್ತು, ನಂಬರಿಗೊಬ್ಬ ಖಾತೆದಾರನಿದ್ದ, ಅವನಿಗೊಂದು ಮನೆತನವಿತ್ತು. ಕೆಂಗೇರಿ, ವಳಗೇರಹಳ್ಳಿ, ಕೊಮ್ಮಘಟ್ಟ, ಹೆಮ್ಮಿಗೆಪುರದ ಒಕ್ಕಲು ಮನೆಗಳ ಮಕ್ಕಳು ಮೆಟ್ರೋ ಹತ್ತಿ ಕೆಲಸಕ್ಕೆ ಹೋಗುವ ಈ ಕಾಲದಲ್ಲಿ ತಾತನ ಅಪ್ಪನ ಹೆಸರು ಕೇಳಿದರೆ ಬಹಳ ಮಂದಿ ತಡವರಿಸುತ್ತಾರೆ. ರಾಜರಿಗೆ ಶಾಸನಗಳಿವೆ. ರಾಗಿ ಬೆಳೆದವನಿಗೂ ಚರಿತ್ರೆಯಿದೆ. ಅದರ ಅರ್ಧ ತಾಲ್ಲೂಕು ಕಚೇರಿಯಲ್ಲಿದೆ, ಇನ್ನರ್ಧ ಅಟ್ಟದ ಮೇಲಿದೆ.

ಕಂದಾಯದ ಕಾಗದ

ರೈತನ ಹೆಸರನ್ನು ಸರ್ಕಾರ ಬರೆದಿಟ್ಟದ್ದು ಕಂದಾಯಕ್ಕಾಗಿ. ಮೊದಲು ಆ ಲೆಕ್ಕ ಶಾನುಭೋಗರ ಕಡತದಲ್ಲಿತ್ತು. ಹುಣಿಸೆಬೀಜದ ಅಂಟು, ಇದ್ದಿಲು ಬಳಿದು ಕಪ್ಪಾಗಿಸಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಲ್ಲಿ ಬರೆದ ಲೆಕ್ಕ ಅದು. ಆಗ ನೆಲವನ್ನು ಅಳೆಯುತ್ತಿದ್ದುದು ಬಿತ್ತನೆಯಿಂದ: ಇಷ್ಟು ಕೊಳಗ ಬಿತ್ತುವ ಹೊಲ, ಇಷ್ಟು ಖಂಡುಗದ ಗದ್ದೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ.

1863ರಲ್ಲಿ, ಬೌರಿಂಗ್ ಕಮಿಷನರ್ ಆಗಿದ್ದಾಗ, ಮೈಸೂರು ಸಂಸ್ಥಾನದಲ್ಲಿ ಕಂದಾಯ ಸರ್ವೆ ಶುರುವಾಯಿತು. 33 ಅಡಿಯ ಸರಪಳಿ, ಅದಕ್ಕೆ 16 ಆಣೆ. ಉದ್ದಗಲ ಒಂದೊಂದು ಸರಪಳಿಯಾದರೆ ಒಂದು ಗುಂಟೆ, ನಲವತ್ತು ಗುಂಟೆಗೆ ಎಕರೆ. ಖುಷ್ಕಿ, ತರಿ, ಬಾಗಾಯ್ತು ಎಂದು ನೆಲವನ್ನು ವಿಂಗಡಿಸಿ ಪ್ರತಿ ತುಂಡಿಗೂ ನಂಬರು ಕೊಟ್ಟರು. ಅಲ್ಲಿಂದ ಮುಂದೆ ಒಂದೇ ಹೊಲವನ್ನು ಹಿಡಿದು ತಲೆಮಾರುಗಳನ್ನು ಹುಡುಕುವ ದಾರಿ ಸಿಕ್ಕಿತು.

ಸರ್ವೆ ನಂಬರು ಪೋಡಿಯಾಗುವುದನ್ನು ಗಮನಿಸಿ. 45 ಇದ್ದದ್ದು 45/1, 45/2, 45/3 ಆಯಿತೆಂದರೆ ಅಲ್ಲಿ ಮೂವರು ಅಣ್ಣತಮ್ಮಂದಿರು ಬೇರೆಯಾಗಿರಬಹುದು, ಇಲ್ಲವೇ ಒಂದು ಪಾಲು ಮಾರಿಹೋಗಿರಬಹುದು. ಯಾವುದೆಂದು ತಿಳಿಯಲು ಮ್ಯುಟೇಶನ್ ರಿಜಿಸ್ಟರ್ ನೋಡಬೇಕು. ಯಜಮಾನ ತೀರಿಕೊಂಡಾಗ ಪೌತಿ ಖಾತೆಯಾಗುತ್ತದೆ. ಅದರಲ್ಲಿ ಸತ್ತವನ ಹೆಸರು, ವಾರಸುದಾರರ ಹೆಸರು ಎರಡೂ ಇರುತ್ತವೆ. ಮೊಮ್ಮಗನಿಗೆ ತಾತನ ಹೆಸರಿಡುವ ಮನೆಗಳಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬಂದು ಗೊಂದಲವಾಗುತ್ತದೆ. ಆಗ ‘ಬಿನ್’ ಎಂಬುದರ ಮುಂದಿರುವ ಅಪ್ಪನ ಹೆಸರು, ‘ಉರುಫ್’ ಎಂಬುದರ ಮುಂದಿರುವ ಅಡ್ಡಹೆಸರು ಕೈಹಿಡಿಯುತ್ತವೆ. ಪಾಲುಪಾರೀಖತ್ತು, ಭೋಗ್ಯಪತ್ರ, ಕ್ರಯಪತ್ರಗಳು ನೋಂದಣಿಯಾಗಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹುಡುಕಬಹುದು.

ಸ್ವಂತ ಹೊಲವಿಲ್ಲದವರ ಮಾತೇನು? ಗೇಣಿದಾರನ ಹೆಸರು ಪಹಣಿಯಲ್ಲಿ ಖಾತೆದಾರರ ಹೆಸರಿನ 9ನೇ ಕಾಲಂನಲ್ಲಿ ಸಿಗುವುದಿಲ್ಲ, ಉಳುವವರ ಹೆಸರಿನ 12ನೇ ಕಾಲಂನಲ್ಲಿ ನೋಡಬೇಕು. 1974ರ ಭೂಸುಧಾರಣೆಯ ನಂತರ ಗೇಣಿದಾರರು ಫಾರಂ 7 ತುಂಬಿ ಭೂ ನ್ಯಾಯಮಂಡಳಿಯ ಮುಂದೆ ನಿಂತರು. ಎಷ್ಟು ಕಾಲದಿಂದ ಉಳುತ್ತಿದ್ದೇವೆಂದು ಅವರು ಕೊಟ್ಟ ಹೇಳಿಕೆಗಳೇ ಎಷ್ಟೋ ಮನೆತನಗಳ ಮೊದಲ ಲಿಖಿತ ಚರಿತ್ರೆ. ತಳವಾರ, ತೋಟಿ, ನೀರಗಂಟಿ ಮನೆಗಳವರಾದರೆ 1961ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆಯಡಿ ಇನಾಂ ಜಮೀನು ಮರುಮಂಜೂರಾದ ಕಡತ ಕೇಳಬೇಕು. ಶಾನುಭೋಗಿಕೆ, ಪಟೇಲಿಕೆ ವಂಶಪಾರಂಪರ್ಯವಾಗಿ ಬರುವುದು ನಿಂತದ್ದೂ ಅದೇ ಕಾಯ್ದೆಯಿಂದ.

ಎತ್ತಿನ ಮೇಲೆ ಬಂದ ವಂಶಾವಳಿ

ಸರ್ಕಾರಕ್ಕೆ ಬೇಕಿದ್ದುದು ಹೊಲ. ಮನೆತನವನ್ನೇ ನೆನಪಿಟ್ಟವರು ಹೆಳವರು. ಸುಗ್ಗಿಯ ಹೊತ್ತಿಗೆ ಎತ್ತಿನ ಮೇಲೆ ಕುಳಿತು ಒಕ್ಕಲಿನ ಮನೆಬಾಗಿಲಿಗೆ ಬಂದು, ಮೂಲಪುರುಷನಿಂದ ಹಿಡಿದು ಇಂದಿನ ಮಗುವಿನವರೆಗೆ ಹೆಸರು ಹೇಳುವುದು ಅವರ ವೃತ್ತಿ. ಮೂಲಸ್ಥಳ, ಬೆಡಗು, ಮನೆದೇವರು, ವಲಸೆ ಬಂದ ದಾರಿ, ಎಲ್ಲವೂ ಅವರ ಬಾಯಲ್ಲೂ ಹೊತ್ತಿಗೆಯಲ್ಲೂ ಇರುತ್ತವೆ. ಹೊಸ ಹೆಸರುಗಳನ್ನು ಸೇರಿಸಿಕೊಂಡು, ಕಾಳು, ಬಟ್ಟೆ, ಹಣ ಪಡೆದು ಮುಂದಿನ ಊರಿಗೆ ಹೋಗುತ್ತಾರೆ. ತನಗೆ ಬರೆಯಲು ಬಾರದ ರೈತ ತನ್ನ ವಂಶವನ್ನು ಇವರ ಕೈಯಲ್ಲಿ ಬರೆಸಿಟ್ಟಿದ್ದ. ಅವರನ್ನು ಭಿಕ್ಷೆಗೆ ಬಂದವರೆಂದು ಬಾಗಿಲಿನಿಂದ ಕಳಿಸುವವರು ತಮ್ಮದೇ ಪತ್ರಾಗಾರವನ್ನು ಹೊರಗಟ್ಟುತ್ತಾರೆ.

ಅಟ್ಟದ ಮೇಲಿನ ಸಾಕ್ಷಿ

ಈ ಕಾಗದಗಳಲ್ಲಿ ಹೆಣ್ಣಿನ ಹೆಸರು ಅಪರೂಪ. ಗಂಡ ತೀರಿಕೊಂಡು ಮಕ್ಕಳು ಚಿಕ್ಕವರಿದ್ದರೆ ‘ಕೋಂ’ ಎಂದು ಗಂಡನ ಹೆಸರಿನ ಜೊತೆ ಅವಳು ಖಾತೆಗೆ ಬರುತ್ತಾಳೆ, ಮಗ ದೊಡ್ಡವನಾದ ಮೇಲೆ ಮರೆಯಾಗುತ್ತಾಳೆ. ಅವಳನ್ನು ಹುಡುಕಲು ಪಾತ್ರೆಗಳನ್ನು ಕೆಳಗಿಳಿಸಬೇಕು. ತಾಮ್ರದ ಹಂಡೆ, ಹಿತ್ತಾಳೆ ಕೊಳದಪ್ಪಲೆ, ಬಿಂದಿಗೆ, ತಂಬಿಗೆ ತವರಿನ ಬಳುವಳಿ. ಕಂಠದಲ್ಲಿ ಅವಳ ಹೆಸರೋ ಅಪ್ಪನ ಹೆಸರೋ ಕೆತ್ತಿರುತ್ತದೆ, ಕೆಲವುಗಳಲ್ಲಿ ತವರೂರೂ ಇರುತ್ತದೆ. ಆ ಒಂದು ಊರಿನ ಹೆಸರು ಮನೆತನದ ಇನ್ನೊಂದು ಕವಲನ್ನೇ ತೆರೆದು ತೋರಿಸುತ್ತದೆ.

ಪಾತ್ರೆಯ ಮೇಲೆ ಇಸವಿಯ ಬದಲು ಸಂವತ್ಸರ ಇದ್ದರೆ ಎಚ್ಚರ ಬೇಕು. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳುತ್ತವೆ. ‘ಧಾತು’ ಎಂದಿದ್ದರೆ 1876–77 ಇರಬಹುದು, 1936–37 ಕೂಡ ಇರಬಹುದು. ಮೊದಲನೆಯದಾದರೆ ಅದು ಹಿರಿಯರು ನೆನೆಸುತ್ತಿದ್ದ ಧಾತು ಈಶ್ವರ ಬರದ ಕಾಲ. ಹಸಿದವರಿಗೆ ಕೂಲಿ ಕೊಡುವ ಬರಗಾಲದ ಕಾಮಗಾರಿಯಾಗಿ ಶುರುವಾದ ಬೆಂಗಳೂರು–ಮೈಸೂರು ರೈಲುದಾರಿ ಕೆಂಗೇರಿಯನ್ನು ಹಾದು 1882ರಲ್ಲಿ ಮೈಸೂರು ಮುಟ್ಟಿತು. ಎರಡರಲ್ಲಿ ಯಾವ ಧಾತು ಎಂಬುದನ್ನು ಅವಳ ಗಂಡನ ಪೌತಿ ಖಾತೆಯ ತಾರೀಖು ತೀರ್ಮಾನಿಸುತ್ತದೆ. ಪಾತ್ರೆಯ ಪ್ರಶ್ನೆಗೆ ಕಾಗದದಲ್ಲಿ ಉತ್ತರ, ಕಾಗದ ಬಿಟ್ಟ ಜಾಗಕ್ಕೆ ಪಾತ್ರೆಯಲ್ಲಿ ಹೆಸರು. ಎರಡನ್ನೂ ಜೊತೆಗಿಟ್ಟು ಓದಿದಾಗಲೇ ಮನೆತನ ಪೂರ್ತಿಯಾಗುತ್ತದೆ.

ಹೆಣ್ಣೂ ಮನೆತನದ ಪಾಲುದಾರಳು ಎಂಬ ಮಾತಿಗೆ ಕಾನೂನು ನಿಧಾನವಾಗಿ ಬಂತು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ಮಾಡಿತು. ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತ ಆಸ್ತಿಗೆ ಸಹಭಾಗಿಗಳನ್ನಾಗಿ ಮಾಡಿದವು. ನಾಡಕಚೇರಿಯಲ್ಲಿ ಪಡೆಯುವ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡುವುದು ಈಗ ವಾರಸುದಾರರನ್ನು ಮುಚ್ಚಿಟ್ಟಂತೆ.

ಈ ಕೆಲಸಕ್ಕೆ ಹೆಚ್ಚು ಸಮಯ ಉಳಿದಿಲ್ಲ. ನಾಡಪ್ರಭು ಕೆಂಪೇಗೌಡ ಬಡಾವಣೆಗಾಗಿ ಕೆಂಗೇರಿ ಸುತ್ತಿನ ಹಳ್ಳಿಗಳ ಹೊಲಗಳೂ ಸೈಟುಗಳಾದವು. ಹೊಲ ಹೋದ ಮನೆಯಲ್ಲಿ ಹಳೆಯ ಕಾಗದದ ಗಂಟು ಯಾರಿಗೂ ಬೇಡವಾಗುತ್ತದೆ, ಹಂಡೆ ತೂಕಕ್ಕೆ ಹೋಗುತ್ತದೆ. ‘ಭೂಮಿ’ ಯೋಜನೆಯ ಗಣಕೀಕೃತ ಪಹಣಿಗಿಂತ ಹಿಂದಿನದು ಬೇಕಾದರೆ ಕೈಬರಹದ ಪಹಣಿಯ ನಕಲಿಗೆ ಅರ್ಜಿ ಹಾಕಬೇಕು. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ಮನೆಯ ಹಿರಿಯರು ಯಾರ್‍ಯಾರ ಹೆಸರು ಹೇಳುತ್ತಾರೋ ಅಷ್ಟನ್ನೂ ಈ ವರ್ಷವೇ ಬರೆದುಕೊಳ್ಳಿ. ಪಾತ್ರೆ ಮಾರುವ ಮುನ್ನ ಕಂಠದ ಬರಹದ ಫೋಟೊ ತೆಗೆಯಿರಿ. ಪ್ರತಿ ಸೊಸೆಯ ಹೆಸರಿನ ಪಕ್ಕದಲ್ಲಿ ಅವಳ ತವರೂರನ್ನು, ಕೊಟ್ಟ ಪ್ರತಿ ಮಗಳ ಹೆಸರಿನ ಪಕ್ಕದಲ್ಲಿ ಅವಳು ಸೇರಿದ ಊರನ್ನು ಬರೆಯಿರಿ. ಕಂದಾಯದ ಲೆಕ್ಕ ಬಿಟ್ಟದ್ದನ್ನು ಸೇರಿಸುವ ಅಧಿಕಾರ ಆ ಮನೆಯವರಿಗೇ ಇದೆ, ಹೊಣೆಯೂ ಅವರದೇ.