ಔಷಧಿ ಪಂಪು ಅಂಗಳದ ಕಸಬರಿಗೆಯಾದ ಬಗೆ

ಫಾಲ್ಗುಣ ಕಾಲಿಟ್ಟಿತೆಂದರೆ ಸುರಪುರದ ರಂಗಂಪೇಟೆಯ ಬೇವಿನ ಮರಗಳು ಹಳದಿಗಟ್ಟಿದ ಎಲೆಗಳನ್ನು ಹಗಲಿರುಳೂ ಉದುರಿಸತೊಡಗುತ್ತವೆ. ಎಲೆ ಮುಗಿಯುವ ಹೊತ್ತಿಗೆ ಕಡ್ಡಿ, ಕಡ್ಡಿ ಮುಗಿಯುವ ಹೊತ್ತಿಗೆ ಹೂವು, ಹೂವು ಮುಗಿದು ಮುಂಗಾರು ಸಮೀಪಿಸುವಾಗ ಹಣ್ಣು ಮತ್ತು ಬೀಜ, ಹೀಗೆ ಕೆಲವು ತಿಂಗಳ ಪರ್ಯಂತ ಶಹಾಬಾದ ಕಲ್ಲು ಹಾಸಿದ ಅಂಗಳಗಳು ಒಂದು ದಿನವೂ ಬರಿದಾಗಿ ಉಳಿಯುವುದಿಲ್ಲ. ಹುಣಸೆಯ ಮರವಿರುವ ಮನೆಯ ಕಷ್ಟ ಇನ್ನೂ ಸೂಕ್ಷ್ಮವಾದುದು; ಅದರ ಕಿರಿಯೆಲೆಗಳು ಹಾಸುಗಲ್ಲುಗಳ ಸಂದಿಗಳಲ್ಲಿ ಸೇರಿಕೊಂಡು ಈಚಲ ಕಸಬರಿಗೆಗೂ ಸಿಕ್ಕುವುದಿಲ್ಲ. ತಲೆಮಾರುಗಳಿಂದ ನಡು ಬಗ್ಗಿಸಿ ಈ ಕಸವನ್ನು ಹೊಡೆದು, ನೀರು ಚಿಮುಕಿಸಿ, ರಂಗೋಲಿ ಎಳೆಯುತ್ತ ಬಂದ ಹೆಣ್ಣುಮಕ್ಕಳು ಈಗ ಮುಪ್ಪಿನವರಾಗಿದ್ದಾರೆ. ಅವರ ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ನೌಕರಿಗಿದ್ದಾರೆ. ಆದುದರಿಂದ, ‘ಅದೇನೋ ಗಾಳಿ ಹೊಡಿಯೋ ಮಷೀನ್ ಬಂದದಂತಲ್ಲ, ಯಾವ್ದು ತಗೋಬೇಕ್ರೀ?’ ಎಂಬ ಪ್ರಶ್ನೆ ನಮ್ಮ ಕಡೆಯ ಜಗಲಿಗಳ ಮೇಲೂ ಹುಟ್ಟಿಕೊಂಡಿದೆ. ಈ ಪ್ರಶ್ನೆಯನ್ನು ನಾನು ಸಂತೋಷದಿಂದಲೇ ಸ್ವಾಗತಿಸುತ್ತೇನೆ. ಏಕೆಂದರೆ ಇದೇ ಕಷ್ಟಕ್ಕೆ ಇನ್ನೊಂದು ಉತ್ತರವೂ ಊರಲ್ಲಿ ಪ್ರಚಲಿತವಾಗಿದೆ. ‘ಕಸ ಬೀಳ್ತದ’ ಎಂಬ ಒಂದೇ ಕಾರಣಕ್ಕೆ, ಮೂರು ತಲೆಮಾರುಗಳಿಗೆ ನೆರಳಿತ್ತ ಬೇವನ್ನು ಬುಡಸಹಿತ ಉರುಳಿಸಿ, ಆ ಸ್ಥಳಕ್ಕೆ ಸಿಮೆಂಟು ಸುರಿದು, ಅನಂತರ ವೈಶಾಖದ ಬಿಸಿಲಿಗೆ ಬೆಂದು, ಗೋಡೆಗೆ ಕೂಲರು ಕೂಡಿಸುವುದೇ ಆ ಉತ್ತರ.

ಯಂತ್ರವನ್ನು ಆರಿಸುವ ಮೊದಲು ಅದರ ಜನ್ಮವೃತ್ತಾಂತವನ್ನು ತಿಳಿದುಕೊಳ್ಳುವುದು ಲೇಸು. ಏಕೆಂದರೆ ನಮ್ಮ ತಾಲೂಕಿನ ಯಾವ ರೈತನಿಗೂ ಈ ಯಂತ್ರ ಅಪರಿಚಿತವಲ್ಲ. ನಾರಾಯಣಪುರದಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಬಸವಸಾಗರ 1982ರಲ್ಲಿ ಪೂರ್ಣಗೊಂಡು, ಎಡದಂಡೆಯ ಕಾಲುವೆಯ ನೀರು ಸುರಪುರ ಶಹಾಪುರಗಳ ಎರೆಹೊಲಗಳಿಗೆ ಹರಿದುಬಂದ ಮೇಲೆ, ಬಿಳಿಜೋಳ ಕುಸುಬೆಗಳ ಸ್ಥಳವನ್ನು ಹತ್ತಿ, ಭತ್ತ, ಮೆಣಸಿನಕಾಯಿಗಳು ಆಕ್ರಮಿಸಿದವು. ಆ ಬೆಳೆಗಳ ಹಿಂದೆಯೇ ಕೀಟಗಳೂ, ಕೀಟಗಳ ಹಿಂದೆಯೇ ಔಷಧಿಯ ಡಬ್ಬಿಗಳೂ, ಡಬ್ಬಿಗಳ ಹಿಂದೆಯೇ ಬೆನ್ನಿಗೆ ಹೊರುವ ಪೆಟ್ರೋಲ್ ಪಂಪುಗಳೂ ಬಂದವು. ‘ಎಣ್ಣಿ ಹೊಡಿಯೋ ಪಂಪು’ ಎಂದು ನಮ್ಮವರು ಕರೆಯುವ ಆ ಯಂತ್ರವನ್ನು ಹತ್ತಿರ ಹೋಗಿ ನೋಡಿದವರಿಗೆ ಅದರ ರಚನೆ ಸುಲಭವಾಗಿ ಅರ್ಥವಾಗುತ್ತದೆ. ಎಣ್ಣೆ ಬೆರೆಸಿದ ಪೆಟ್ರೋಲು ಕುಡಿಯುವ ಒಂದು ಪುಟ್ಟ ಟೂ-ಸ್ಟ್ರೋಕ್ ಎಂಜಿನು. ಹಗ್ಗ ಎಳೆದೊಡನೆ ಅದು ದುಂಡಗಿನ ಕವಚದೊಳಗಿರುವ ರೆಕ್ಕೆಗಳ ಚಕ್ರವನ್ನು ತಿರುಗಿಸುತ್ತದೆ. ಚಕ್ರ ನಡುವಿನಿಂದ ಗಾಳಿಯನ್ನು ಎಳೆದು ಅಂಚಿನತ್ತ ಎಸೆಯುತ್ತದೆ. ಹಾಗೆ ಎಸೆದ ಗಾಳಿ ದಪ್ಪ ಪ್ಲಾಸ್ಟಿಕ್ ಕೊಳವೆಯಲ್ಲಿ ಭೋರ್ಗರೆಯುತ್ತ ಬಂದು, ಮೇಲಿನ ತೊಟ್ಟಿಯಿಂದ ತೊಟ್ಟಿಕ್ಕುವ ಔಷಧಿಯನ್ನು ಕೊಳವೆಯ ತುದಿಯಲ್ಲಿ ಮಂಜಿನಂತೆ ಚೂರ್ಣೀಕರಿಸಿ ಬೆಳೆಯ ಮೇಲೆ ಹರಡುತ್ತದೆ. ತೊಟ್ಟಿಯನ್ನೂ ಅದರ ಸಣ್ಣ ನಳಿಕೆಯನ್ನೂ ಕಳಚಿ ಬದಿಗಿಟ್ಟರೆ ಉಳಿಯುವುದು ಗಾಳಿ ಮಾತ್ರ. ಆ ಉಳಿಕೆಯೇ ಇಂದು ಅಂಗಡಿಗಳಲ್ಲಿ ಮಾರಾಟವಾಗುವ ಎಲೆಯೂದುಕ, ಜನರ ಬಾಯಿಯ ‘ಬ್ಲೋವರ್’.

ಇದು ನನ್ನ ಕಲ್ಪನೆಯಲ್ಲ. ಈ ಯಂತ್ರದ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರಸಂಗವೇ ಇದು. ಔಷಧಿ ಸಿಂಪಡಿಸಲೆಂದು ಬೆನ್ನಿಗೇರಿಸುವ ಯಂತ್ರಗಳನ್ನು ಮಾರುತ್ತಿದ್ದ ತಯಾರಕರ ಗಮನಕ್ಕೆ, ಕೊಂಡವರಲ್ಲಿ ಅನೇಕರು ಸಿಂಪರಣೆಯ ಭಾಗಗಳನ್ನು ಕಿತ್ತೆಸೆದು ಬರಿಯ ಗಾಳಿಯಿಂದ ಹಾದಿಯ ಎಲೆಗಳನ್ನು ದೂಡುತ್ತಿರುವರೆಂಬ ಸಂಗತಿ ಬಂದಿತಂತೆ. ಹಾಗಾದರೆ ಈ ಸಾಧನವನ್ನು ಮೊದಲು ಕಂಡುಕೊಂಡವರು ಎಂಜಿನಿಯರುಗಳಲ್ಲ. ಬೆನ್ನ ಮೇಲೆ ಭಾರ ಹೊತ್ತು, ಎದುರಿನ ಕಸವನ್ನು ಕಂಡು, ತಾನಾಗಿಯೇ ಯೋಚಿಸಿದ ಯಾವನೋ ಹೆಸರಿಲ್ಲದ ತೋಟಗಾರ. ಜಪಾನಿನ ಎಂಜಿನಿಯರುಗಳು 1970ರ ದಶಕದ ಆದಿಯಲ್ಲಿ ಇದಕ್ಕೆ ತೋಟದ ಉಪಕರಣದ ರೂಪವನ್ನಿತ್ತು ಅಮೆರಿಕೆಗೆ ಕಳುಹಿದರು. ಅಲ್ಲಿ ಅದರ ಅದೃಷ್ಟ ಬೆಳಗಿದ್ದು ಬರಗಾಲದಿಂದ: 1976–77ರ ಅನಾವೃಷ್ಟಿಯಲ್ಲಿ ಕ್ಯಾಲಿಫೋರ್ನಿಯಾದ ಜನರಿಗೆ ಅಂಗಳವನ್ನು ಪೈಪಿನ ನೀರಿನಿಂದ ತೊಳೆಯಲು ನಿರ್ಬಂಧವುಂಟಾದಾಗ, ನೀರು ಮಾಡುತ್ತಿದ್ದ ಕೆಲಸವನ್ನು ಗಾಳಿಯಿಂದ ಮಾಡಿಸಿಕೊಳ್ಳುವುದು ರೂಢಿಗೆ ಬಂತು.

ಗಾಳಿಯಿಂದ ಕೆಲಸ ಮಾಡಿಸಿಕೊಳ್ಳುವ ವಿದ್ಯೆ ನಮ್ಮ ಸೀಮೆಗಂತೂ ಹೊಸದಲ್ಲ. ಸುಗ್ಗಿಯ ರಾಶಿಯ ಕಾಲದಲ್ಲಿ ಕಣದ ನಡುವೆ ಎತ್ತರದಲ್ಲಿ ನಿಂತು, ಗಾಳಿ ಬೀಸುವ ದಿಕ್ಕನ್ನು ಮುಖದ ಮೇಲೆ ಅರಿತು, ಮೊರ ತುಂಬಿದ ಜೋಳವನ್ನು ಸಮನಾದ ಧಾರೆಯಲ್ಲಿ ತೂರುತ್ತಿದ್ದ ಹಿರಿಯರು, ಕಾಳು ಕಾಲ ಬಳಿ ಬೀಳುವಂತೆಯೂ ಹೊಟ್ಟು ನಾಲ್ಕು ಮಾರು ಆಚೆ ಹೋಗಿ ಒಂದೇ ಸಾಲಿನಲ್ಲಿ ಬೀಳುವಂತೆಯೂ ಮಾಡುತ್ತಿದ್ದರು; ಗಾಳಿ ನಿಂತರೆ ಅವರ ಕೈಯೂ ನಿಲ್ಲುತ್ತಿತ್ತು. ತೂಕಕ್ಕೆ ತಕ್ಕ ಗಾಳಿ, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ, ಎಂಬ ಆ ವಿವೇಕವೇ ಬ್ಲೋವರು ಕೊಳ್ಳುವವನಿಗೂ ಬೇಕಾದ ಮೊದಲ ಪಾಠ. ರಾಶಿಯ ಯಂತ್ರ ಹೊಲಕ್ಕೇ ಬಂದು ಕಣಗಳು ಮಾಯವಾದ ಮೇಲೆ ಆ ಪಾಠವನ್ನು ಹೇಳಿಕೊಡುವವರೂ ವಿರಳರಾದರೆಂಬ ಕೊರಗು ನನ್ನನ್ನು ಬಿಟ್ಟಿಲ್ಲ.

ಹೊರನಾಡಿನಲ್ಲಿ ಈ ಯಂತ್ರ ಎಬ್ಬಿಸಿದ ಜಗಳ ಅದರ ಸದ್ದಿಗಿಂತ ದೊಡ್ಡದು. ಕ್ಯಾಲಿಫೋರ್ನಿಯಾದ ಕಾರ್ಮೆಲ್ ಎಂಬ ಕಡಲ ತೀರದ ಚಿಕ್ಕ ಊರು 1975ರಷ್ಟು ಮೊದಲೇ ಇದನ್ನು ನಿಷೇಧಿಸಿತು. ಲಾಸ್ ಏಂಜಲೀಸಿನಲ್ಲಿ ವ್ಯಾಜ್ಯ ತಾರಕಕ್ಕೇರಿತು: ಮನೆಗಳಿಂದ 500 ಅಡಿಗಳೊಳಗೆ ಪೆಟ್ರೋಲ್ ಬ್ಲೋವರನ್ನು ಬಳಸಕೂಡದೆಂದು ನಗರಸಭೆ ಕಾನೂನು ಮಾಡಿದಾಗ, 1998ರ ಜನವರಿಯಲ್ಲಿ ಲ್ಯಾಟಿನ್ ಅಮೆರಿಕ ಮೂಲದ ತೋಟಗಾರರು ನಗರಸಭಾ ಭವನದ ಮುಂದೆ ಉಪವಾಸ ಕುಳಿತರು. ಸದ್ದು ಮತ್ತು ಧೂಳಿನಿಂದ ಬೇಸತ್ತ ಮನೆಯವರ ದೂರು ಸತ್ಯವಾಗಿತ್ತು. ದಿನಕ್ಕೆ ಹಲವು ತೋಟಗಳನ್ನು ಚೊಕ್ಕಟಗೊಳಿಸಿ ಹೊಟ್ಟೆ ಹೊರೆಯುವವನ ಕೈಗೆ ಮತ್ತೆ ಪೊರಕೆ ಕೊಟ್ಟರೆ ಅವನ ಗಳಿಕೆ ಇಳಿಯುವುದೆಂಬ ಅಳಲೂ ಅಷ್ಟೇ ಸತ್ಯವಾಗಿತ್ತು. ನೆರಳಿನಲ್ಲಿ ಕುಳಿತವನ ಕಿವಿಯ ನೋವನ್ನು ಮಾತ್ರ ಕೇಳಿಸಿಕೊಂಡು, ಬಿಸಿಲಿನಲ್ಲಿ ನಿಂತವನ ಬೆನ್ನಿನ ನೋವನ್ನು ಮರೆತ ಕಾನೂನನ್ನು ನಾನು ಪೂರ್ಣವಾಗಿ ಒಪ್ಪಲಾರೆ. ಆದರೂ ಕಾಲ ಆ ದೂರುದಾರರ ಕಡೆಗೇ ವಾಲಿದೆ. ವಾಷಿಂಗ್ಟನ್ ನಗರದಲ್ಲಿ 2022ರ ಜನವರಿ 1ರಿಂದ ಪೆಟ್ರೋಲ್ ಬ್ಲೋವರು ಬಳಸುವಂತಿಲ್ಲ. ಟೂ-ಸ್ಟ್ರೋಕ್ ಎಂಜಿನಿನಲ್ಲಿ ಇಂಧನದ ಮೂರನೆಯ ಒಂದು ಭಾಗದವರೆಗೂ ಉರಿಯದೆಯೇ ಹೊಗೆಯೊಡನೆ ಹೊರಬೀಳುವುದುಂಟು; ನಡೆಸುವವನ ಕಿವಿಯ ಬಳಿ ಅದರ ಸದ್ದು 90 ಡೆಸಿಬಲ್ ಮೀರುವುದೂ ಸಾಮಾನ್ಯ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ ವಿಧಿಸಿರುವ ಮಿತಿ 55 ಡೆಸಿಬಲ್ ಮಾತ್ರ.

ಆದುದರಿಂದ ರಂಗಂಪೇಟೆಯಂಥ ಊರಿನಲ್ಲಿ, ಗೋಡೆಗೆ ಗೋಡೆ ತಾಗಿ ನಿಂತ ಮನೆಗಳ ನಡುವೆ, ಪೆಟ್ರೋಲಿನ ಯಂತ್ರ ಸಲ್ಲದು. ಅದು ತೋಟದ ಮನೆಗೂ ಶಾಲೆಯ ವಿಶಾಲ ಮೈದಾನಕ್ಕೂ ಇರಲಿ. ಮನೆಯಲ್ಲಿ ಔಷಧಿ ಪಂಪು ಇದ್ದೇ ಇದೆಯಲ್ಲ, ತೊಟ್ಟಿ ಕಳಚಿ ಅದನ್ನೇ ಬಳಸೋಣವೆಂದು ಹೊರಡುವ ತರುಣರಿಗೆ ನನ್ನದೊಂದು ಕಳಕಳಿಯ ವಿನಂತಿ: ಹತ್ತಿಗೆ ವಿಷ ಉಣ್ಣಿಸಿದ ಕೊಳವೆಯ ಒಳಮೈಯಲ್ಲಿ ಆ ವಿಷದ ಶೇಷ ಅಂಟಿಕೊಂಡೇ ಇರುತ್ತದೆ, ಮಕ್ಕಳು ಅಂಬೆಗಾಲಿಡುವ ಅಂಗಳಕ್ಕೂ ಹಪ್ಪಳ ಸಂಡಿಗೆ ಒಣಗುವ ಮಾಳಿಗೆಗೂ ಅದರ ಗಾಳಿ ಸೋಕಬಾರದು.

ಉಳಿದುವು ವಿದ್ಯುತ್ತಿನವು. ತಂತಿಯಿರುವ 500–600 ವಾಟ್‌ಗಳ ಕೈಯಂತ್ರ ಅಗ್ಗದ್ದು, ಹಗುರವಾದದ್ದು. 230 ವೋಲ್ಟಿನಲ್ಲಿ ಅದು ಎಳೆಯುವ ವಿದ್ಯುತ್ತು ಮೂರು ಆಂಪಿಯರನ್ನೂ ಮುಟ್ಟದು. ಆದರೆ ವಾಸ್ತವದಲ್ಲಿ ಅದು ಅಂಗಡಿಯ ಕಪಾಟು, ಕಂಪ್ಯೂಟರು, ಹೊಲಿಗೆಯಂತ್ರಗಳ ಧೂಳು ಹಾರಿಸಲು ಹುಟ್ಟಿದುದು. ಅದರ ತುದಿ ಕಿರಿದು, ಗಾಳಿಯ ವೇಗ ಹೆಚ್ಚು, ಪ್ರಮಾಣ ಅಲ್ಪ. ಈ ಎರಡರ ಭೇದವನ್ನು ಕೊಳ್ಳುವವನು ಚೆನ್ನಾಗಿ ಮನಗಾಣಬೇಕು: ಹಸಿಯಾಗಿ ನೆಲಕ್ಕಂಟಿದ ಎಲೆಯನ್ನು ಎಬ್ಬಿಸುವುದು ವೇಗ, ಎದ್ದ ರಾಶಿಯನ್ನು ಹತ್ತು ಮಾರು ಮುಂದಕ್ಕೆ ನಡೆಸುವುದು ಪ್ರಮಾಣ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ವೇಗದ ಅಂಕಿ ಬಹುಶಃ ಅತಿ ಕಿರಿದಾದ ತುದಿಯನ್ನು ಸಿಕ್ಕಿಸಿ ಅಳೆದದ್ದಿರುತ್ತದೆ. ವೇಗ ಪ್ರಮಾಣಗಳೆರಡನ್ನೂ ಕೂಡಿಸಿ ತಳ್ಳುವ ಬಲವನ್ನು ನ್ಯೂಟನ್ನಿನಲ್ಲಿ ಹೇಳಿದ್ದರೆ ಆ ಅಂಕಿಯನ್ನೇ ನಂಬಬೇಕು. ಬೇವಿನ ಒಣ ಎಲೆ ಅತಿ ಹಗುರ. ಅದಕ್ಕೆ ವೇಗ ಬೇಡ, ಅಗಲವಾದ ಬಾಯಿಯೂ ವೇಗವನ್ನು ತಗ್ಗಿಸುವ ಗುಂಡಿಯೂ ಬೇಕು.

ಬ್ಯಾಟರಿಯ ಯಂತ್ರದ ಲೆಕ್ಕವನ್ನು ಅಂಗಡಿಯಲ್ಲಿ ನಿಂತೇ ಮಾಡಬಹುದು. 20 ವೋಲ್ಟ್, 4 ಆಂಪಿಯರ್-ಅವರ್ ಎಂದಿದ್ದರೆ ಗುಣಿಸಿದಾಗ 80 ವಾಟ್-ಅವರ್. ಯಂತ್ರ ಪೂರ್ಣ ಬಲದಲ್ಲಿ 400 ವಾಟ್ ನುಂಗುವುದಾದರೆ ಹನ್ನೆರಡು ನಿಮಿಷಗಳಲ್ಲಿ ಅದರ ಉಸಿರು ಮುಗಿಯಿತು. ಒಂದು ಸಾಧಾರಣ ಅಂಗಳಕ್ಕೆ ಅಷ್ಟು ಸಾಕು. ಆದರೆ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಬಿಸಿಲಿಗೆ ಕಾದ ಬ್ಯಾಟರಿಯನ್ನು ಕೂಡಲೇ ಚಾರ್ಜಿಗಿಟ್ಟರೆ ಅದರ ಆಯುಷ್ಯ ಕ್ಷೀಣಿಸುತ್ತದೆ. ಒಳಮನೆಯ ತಂಪಿನಲ್ಲಿ ಆರಿಸಿ ಅನಂತರ ಹಚ್ಚಬೇಕು.

ಬಳಸುವ ಹೊತ್ತೂ ಮುಖ್ಯ. ನಸುಕಿನಲ್ಲಿ ಬೇಡ, ಆಗ ಪಕ್ಕದ ಮನೆಯ ರಂಗೋಲಿ ಇನ್ನೂ ಹಸಿಯಾಗಿರುತ್ತದೆ, ಒಂದು ಬೀಸಿಗೆ ಅದು ಅಳಿಸಿ ಹೋದರೆ ಆ ಮನೆಯವ್ವನ ನೋವಿಗೆ ಪರಿಹಾರವಿಲ್ಲ. ಎರೆಮಣ್ಣಿನ ಧೂಳು, ಒಣಗಿದ ಸಗಣಿ, ಹಕ್ಕಿಯ ಹಿಕ್ಕೆ ಇವೆಲ್ಲ ಎಲೆಯೊಡನೆ ಏಳುವುದರಿಂದ ಮೊದಲು ಕೊಂಚ ನೀರು ಚಿಮುಕಿಸಿ, ಮೂಗುಬಾಯಿಗಳಿಗೆ ಮಾಸ್ಕು ಕಟ್ಟಿಕೊಂಡು, ಗಾಳಿಗೆ ಬೆನ್ನು ಕೊಟ್ಟು, ಕೊಳವೆಯನ್ನು ನೆಲಕ್ಕೆ ಓರೆಯಾಗಿ ಹಿಡಿದು, ಮೂಲೆಯಲ್ಲಿ ಹಾಸಿದ ತಾಡಪತ್ರಿಯ ಕಡೆಗೆ ನಡೆಸಬೇಕು.

ತಾಡಪತ್ರಿಯ ಮೇಲೆ ಕೂಡಿದ ಎಲೆ ಮುಂದೆಲ್ಲಿ ಹೋಗಬೇಕು? ನನ್ನ ಅಸಮಾಧಾನವೆಲ್ಲ ಇಲ್ಲಿಯೇ ಇದೆ. ಹಿಂದೆ ಅದು ಹಿತ್ತಲ ತಿಪ್ಪೆಗೆ ಹೋಗುತ್ತಿತ್ತು. ನೆರಳಿನಲ್ಲಿ ಒಣಗಿಸಿದ ಬೇವಿನೆಲೆಯ ಒಂದು ಪಾಲು ಹಗೇವಿನ ಜೋಳದೊಡನೆ ಸೇರಿ ಹುಳವನ್ನು ದೂರವಿಡುತ್ತಿತ್ತು. ಈಗ ಸಂಜೆಯಾದರೆ ಓಣಿಯ ಮೂಲೆಗಳಲ್ಲಿ ಅದಕ್ಕೆ ಬೆಂಕಿ, ಪ್ಲಾಸ್ಟಿಕ್ ಚೀಲಗಳ ಸಮೇತ. 2016ರ ಘನತ್ಯಾಜ್ಯ ನಿಯಮಗಳು ಬೀದಿಯಲ್ಲಿ ಕಸ ಸುಡುವುದನ್ನು ಸ್ಪಷ್ಟವಾಗಿ ನಿಷೇಧಿಸಿ, ತೋಟದ ಕಸವನ್ನು ಮನೆಯವರು ತಮ್ಮ ಆವರಣದಲ್ಲೇ ಬೇರೆಯಾಗಿ ಕೂಡಿಡಬೇಕೆಂದವು. ಹೊಗೆ ಮಾತ್ರ ನಿಂತಿಲ್ಲ. ನಮ್ಮ ಸುರಪುರ ಸೀಮೆಯದೇ ಆದ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪದ್ದಯ್ಯನವರು ಉತ್ಖನನ ನಡೆಸಿ ಪರಿಶೀಲಿಸಿದ ಬೂದಿದಿಬ್ಬ, ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದಿನ ದನಗಾಹಿಗಳು ಕೂಡಿಟ್ಟು ಸುಟ್ಟ ಸಗಣಿಯ ರಾಶಿ. ಆ ನವಶಿಲಾಯುಗದ ಜನರು ಸುಟ್ಟರೆಂದು ನಾವು ಇಂದಿಗೂ ಸುಡಬೇಕಾಗಿಲ್ಲ.

ಏಕೆಂದರೆ ಸುಡದೆ ಗೊಬ್ಬರ ಮಾಡುವ ಶಾಸ್ತ್ರ ನಮ್ಮ ನಾಡಿನಲ್ಲಿಯೇ ಪರಿಷ್ಕಾರಗೊಂಡಿತು. ಆಲ್ಬರ್ಟ್ ಹಾವರ್ಡ್ ಮತ್ತು ಯಶವಂತ ವಾಡ್ ಇಂದೂರಿನಲ್ಲಿ ರೂಪಿಸಿ 1931ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ರಾಶಿಯನ್ನು ಆಗಾಗ ಮಗುಚಬೇಕು, ನೀರುಣಿಸಬೇಕು, ಆಳುಕಾಳು ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯರು 1939ರಲ್ಲಿ ಸಿದ್ಧಪಡಿಸಿದ ‘ಬೆಂಗಳೂರು ಪದ್ಧತಿ’ ಮಗುಚುವ ಕೆಲಸವನ್ನೇ ತಪ್ಪಿಸಿತು. ಅವರು ಊರ ಕಸವನ್ನೂ ಮಲವನ್ನೂ ಪದರಪದರವಾಗಿ ಗುಂಡಿಯಲ್ಲಿ ತುಂಬಿ, ಮೇಲೆ ಮಣ್ಣು ಮುಚ್ಚಿ, ಆರೆಂಟು ತಿಂಗಳು ಹಾಗೆಯೇ ಬಿಡುವಂತೆ ಮಾಡಿದರು. ಬಡ ಪುರಸಭೆಗಳ ಜೇಬನ್ನೂ ರೈತನ ಹೊಲವನ್ನೂ ಒಟ್ಟಿಗೆ ನೆನೆದ ಆ ವಿಜ್ಞಾನಿಯ ಹೆಸರನ್ನು ನಮ್ಮ ಪಠ್ಯಪುಸ್ತಕಗಳು ಗಟ್ಟಿಯಾಗಿ ಹೇಳದಿರುವುದು ನನಗೆ ಅರಗದ ಸಂಗತಿ.

ಮನೆಯ ಎಲೆಗೆ ಮಲದ ಹಂಗಿಲ್ಲ. ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ, ಆದುದರಿಂದ ಒಂದು ಗೇಣು ಎಲೆಯ ಮೇಲೆ ತೆಳುವಾಗಿ ಸಗಣಿಯ ನೀರನ್ನೋ ಅಡುಗೆಮನೆಯ ಹಸಿ ಸಿಪ್ಪೆಯನ್ನೋ ಹರಡಿ, ಮೇಲೊಂದು ಹಿಡಿ ಮಣ್ಣು ಎರಚಿದರೆ ಸಾಕು. ಹಿತ್ತಲಿಲ್ಲದವರು ಅಂಗಳದ ಮೂಲೆಯಲ್ಲಿ, ಗೋಡೆಯಿಂದ ಮೊಳದಷ್ಟು ಬಿಟ್ಟು, ಎದೆಯೆತ್ತರದ ತಂತಿಬಲೆಯನ್ನು ದುಂಡಗೆ ಸುತ್ತಿ ನಿಲ್ಲಿಸಿ, ಅಂಗಳದ ಕಡೆಗೆ ಬುಡದಲ್ಲೊಂದು ಬಾಯಿ ಬಿಟ್ಟರೆ, ಬ್ಲೋವರಿನ ಗಾಳಿಯೇ ಎಲೆಗಳನ್ನು ಅದರೊಳಕ್ಕೆ ನೂಕುತ್ತದೆ. ಫಾಲ್ಗುಣದಲ್ಲಿ ತುಂಬಿಸಿ ತೇವ ಆರದಂತೆ ನೋಡಿಕೊಂಡದ್ದು ಹಿಂಗಾರಿನ ಹೊತ್ತಿಗೆ ಕಪ್ಪಾಗಿ ಕುಸಿದಿರುತ್ತದೆ. ಅಂಗಡಿಗೆ ಹೋಗುವ ಮೊದಲು ಮರದ ಬುಡದಿಂದ ಆ ಬಲೆಯ ಬಾಯಿಯವರೆಗಿನ ದೂರವನ್ನು ಒಮ್ಮೆ ಹೆಜ್ಜೆಯಿಂದ ಅಳೆದುಕೊಂಡು ಹೋಗಬೇಕು. ಎಲೆಯನ್ನು ಅಷ್ಟು ದೂರ, ಪಕ್ಕದ ಮನೆಯ ಗೋಡೆ ದಾಟಿಸದೆ, ನಡೆಸಬಲ್ಲ ಯಂತ್ರವನ್ನು ಕೇಳಿ, ಅಂಗಡಿಯ ಮುಂದಿನ ರಸ್ತೆಯ ಎಲೆಗಳ ಮೇಲೆಯೇ ಅದನ್ನು ನಡೆಸಿ ತೋರಿಸಲು ಹೇಳಬೇಕು.