ಪುಣೆಯ ಆಶ್ರಮದಿಂದ ಕರಂಜಿಯಾ ಗುಡ್ಡಕ್ಕೆ

ಹೊರದೇಶದಿಂದ ಬಂದು, ಸಂಬಳವಿಲ್ಲದೆ ಇಲ್ಲವೇ ಹೊಟ್ಟೆಬಟ್ಟೆಗೆ ಸಾಲುವಷ್ಟನ್ನೇ ಪಡೆದು, ಆಸ್ಪತ್ರೆ-ಶಾಲೆಗಳು ತಲುಪದ ಊರಿನಲ್ಲಿ ನೆಲೆನಿಂತು ದುಡಿಯುವವರನ್ನು ಇಂದು ಸಾಗರೋತ್ತರ ಸ್ವಯಂಸೇವಕರೆಂದು ಕರೆಯಲಾಗುತ್ತದೆ. ಅಮೆರಿಕದ ‘ಪೀಸ್ ಕೋರ್’ ಸಂಸ್ಥೆಯು 1961ರಲ್ಲಿ ತನ್ನ ಮೊದಲ ತಂಡವನ್ನು ಪಶ್ಚಿಮ ಆಫ್ರಿಕದ ಘಾನಾಕ್ಕೆ ಕಳುಹಿಸಿದ ಮೇಲೆ ಈ ಬಗೆಯ ಸೇವೆಗೆ ಸರ್ಕಾರದ ಬೆಂಬಲ, ಗೊತ್ತಾದ ಅವಧಿ, ಭಾಷಾ ತರಬೇತಿ ಎಲ್ಲವೂ ಒದಗಿದವು. ಅದಕ್ಕೆ ಮೂರು ದಶಕ ಮೊದಲು ಪುಣೆಯ ಆಶ್ರಮವೊಂದರ ಬದುಕನ್ನು ಬಿಟ್ಟು ಮಧ್ಯಪ್ರಾಂತದ ಗೊಂಡ ಬುಡಕಟ್ಟಿನವರ ಹಳ್ಳಿಯಲ್ಲಿ ಬೀಡುಬಿಟ್ಟ ವೆರಿಯರ್ ಎಲ್ವಿನ್ (1902–1964) ಅವರಿಗೆ ಇವುಗಳಲ್ಲಿ ಒಂದೂ ಇರಲಿಲ್ಲ.

ಪಶ್ಚಿಮ ಆಫ್ರಿಕದ ನಂಟು ಮಾತ್ರ ಅವರಿಗೆ ಹುಟ್ಟಿನಿಂದಲೇ ಇತ್ತು. ತಂದೆ ಎಡ್ಮಂಡ್ ಎಲ್ವಿನ್ ಸಿಯೆರಾ ಲಿಯೋನಿನ ಬಿಷಪ್ ಆಗಿದ್ದವರು. ಅದಕ್ಕೂ ಮುಂಚೆ ಅಲ್ಲಿನ ರಾಜಧಾನಿ ಫ್ರೀಟೌನಿನಲ್ಲಿ 1827ರಲ್ಲಿ ಸ್ಥಾಪನೆಯಾದ ಫೋರಾ ಬೇ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. ‘ಬಿಳಿಯರ ಗೋರಿ’ ಎಂದು ಯುರೋಪಿನವರು ಕರೆಯುತ್ತಿದ್ದ ಆ ಕರಾವಳಿಯ ಜ್ವರಕ್ಕೆ ಅವರು 1909ರಲ್ಲಿ ಬಲಿಯಾದಾಗ ಇಂಗ್ಲೆಂಡಿನಲ್ಲಿದ್ದ ಮಗನಿಗೆ ಏಳು ವರ್ಷ. ಆದರೆ ತಂದೆ ಹೋದದ್ದು ಧರ್ಮಪ್ರಸಾರಕ್ಕೆ, ಅದೂ ಸಾಮ್ರಾಜ್ಯದ ನೆರಳಿನಲ್ಲಿ. ಮಗ ಭಾರತಕ್ಕೆ ಬಂದದ್ದು, ತಮ್ಮ ದೇಶದವರು ಇಲ್ಲಿಂದ ಪಡೆದುಕೊಂಡದ್ದಕ್ಕೆ ಪ್ರತಿಯಾಗಿ ಒಬ್ಬನಾದರೂ ಏನನ್ನಾದರೂ ಕೊಡಲಿ ಎಂಬ ಪ್ರಾಯಶ್ಚಿತ್ತದ ಭಾವನೆಯಿಂದ.

ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯ ಮತ್ತು ದೇವತಾಶಾಸ್ತ್ರಗಳೆರಡರಲ್ಲೂ ಪ್ರಥಮ ದರ್ಜೆ ಪಡೆದ ಎಲ್ವಿನ್ 1927ರ ಕೊನೆಗೆ ಭಾರತಕ್ಕೆ ಬಂದು ಕ್ರಿಸ್ತ ಸೇವಾ ಸಂಘವನ್ನು ಸೇರಿದರು. ಜ್ಯಾಕ್ ವಿನ್ಸ್ಲೋ ಎಂಬ ಆಂಗ್ಲ ಪಾದ್ರಿ 1922ರಲ್ಲಿ ಅಹಮದ್‌ನಗರದಲ್ಲಿ ಆರಂಭಿಸಿ, ಬಳಿಕ ಪುಣೆಯ ಶಿವಾಜಿನಗರದಲ್ಲಿ ಆಶ್ರಮ ಕಟ್ಟಿಸಿದ ಈ ಸಂಘದಲ್ಲಿ ಯುರೋಪಿನವರೂ ಭಾರತೀಯರೂ ಖಾದಿಯ ನಿಲುವಂಗಿ ತೊಟ್ಟು, ನೆಲದ ಮೇಲೆ ಕುಳಿತು ಒಂದೇ ಪಂಕ್ತಿಯಲ್ಲಿ ಸಸ್ಯಾಹಾರ ಉಣ್ಣುತ್ತಿದ್ದರು. ದೊರೆಗಳು ದಂಡುಪ್ರದೇಶದ ಬಂಗಲೆಗಳಲ್ಲಿ ವಾಸಿಸುತ್ತಿದ್ದ ಅಂದಿನ ಪುಣೆಯಲ್ಲಿ ಇದು ಸಣ್ಣ ಮಾತಲ್ಲ. 1928ರ ಜನವರಿಯಲ್ಲಿ ಸಾಬರಮತಿಗೆ ಹೋಗಿ ಗಾಂಧೀಜಿಯನ್ನು ಕಂಡ ಮೇಲೆ ಎಲ್ವಿನ್ ಕಾಂಗ್ರೆಸ್ಸಿನ ಪರವಾಗಿ ಬರೆಯತೊಡಗಿದರು. ಸರ್ಕಾರ ಅವರ ಮೇಲೆ ಕಣ್ಣಿಟ್ಟಿತು, ಚರ್ಚು ಮುಖ ಸಿಂಡರಿಸಿತು. ಪುಣೆಯ ಆಶ್ರಮದಲ್ಲಿಯೇ ಅವರಿಗೆ ಜೀವನದುದ್ದದ ಒಡನಾಡಿಯಾಗಿ ಸಿಕ್ಕವರು ಶ್ಯಾಮರಾವ್ ಹಿವಾಳೆ ಎಂಬ ಮರಾಠಿ ಕ್ರೈಸ್ತ ಯುವಕ.

ಹರಿಜನರ ನಡುವೆ ದುಡಿಯಬೇಕೆಂದಿದ್ದ ಇಬ್ಬರಿಗೂ, ಯಾರೂ ತಿರುಗಿ ನೋಡದ ಗೊಂಡರ ಕಡೆಗೆ ಹೋಗಿರೆಂದು ಸೂಚಿಸಿದವರು ಗಾಂಧೀಜಿಯ ಅನುಯಾಯಿಯಾಗಿದ್ದ ಉದ್ಯಮಿ ಜಮ್ನಾಲಾಲ್ ಬಜಾಜ್. 1932ರ ಜನವರಿಯ ಕೊನೆಗೆ ಅವರು ಮಂಡ್ಲಾ ಜಿಲ್ಲೆಯ ಮೈಕಲ ಗುಡ್ಡಸಾಲಿನ ಕರಂಜಿಯಾ (ಇಂದು ಮಧ್ಯಪ್ರದೇಶದ ದಿಂಡೋರಿ ಜಿಲ್ಲೆಗೆ ಸೇರಿದೆ) ತಲುಪಿ, ಊರ ಪಕ್ಕದ ಗುಡ್ಡದ ಮೇಲೆ ಮಣ್ಣುಗೋಡೆಯ, ಹುಲ್ಲುಹೊದಿಕೆಯ ಮನೆಗಳನ್ನು ಕಟ್ಟಿಸಿ, ಮುಂದೆ ಗೊಂಡ ಸೇವಾ ಮಂಡಲವೆಂದು ಹೆಸರಾದ ಸಂಸ್ಥೆಯನ್ನು ಆರಂಭಿಸಿದರು. ಅದೇ ವರ್ಷ ಇಂಗ್ಲೆಂಡಿಗೆ ಹೋದ ಎಲ್ವಿನ್‌ಗೆ ಮರಳಿ ಬರಲು ಅನುಮತಿ ದೊರೆತದ್ದು, ರಾಜಕೀಯಕ್ಕೆ ಕೈಹಾಕುವುದಿಲ್ಲವೆಂದು ಬರೆದುಕೊಟ್ಟ ಮೇಲೆಯೇ.

ಅಲ್ಲಿನ ನಿತ್ಯದ ಬದುಕು ಹೇಗಿತ್ತೆಂಬುದಕ್ಕೆ 1936ರಲ್ಲಿ ಪ್ರಕಟವಾದ ಎಲ್ವಿನ್ ಅವರ ದಿನಚರಿ ‘ಲೀವ್ಸ್ ಫ್ರಮ್ ದ ಜಂಗಲ್’ ಸಾಕ್ಷಿ. ಸೇವೆಯ ಕುರಿತ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣದ ಗುಣವೊಂದು ಅದರಲ್ಲಿದೆ: ಬರೆದವರು ತಮ್ಮನ್ನು ತಾವೇ ಗೇಲಿಮಾಡಿಕೊಳ್ಳುತ್ತಾರೆ. ಸ್ವಯಂಸೇವಕನ ದಿನವನ್ನು ನಿರ್ಧರಿಸುತ್ತಿದ್ದುದು ಅವನ ಯೋಜನೆಯಲ್ಲ, ಅಂಗಳದಲ್ಲಿ ಬಂದು ಕುಳಿತವರ ಅಗತ್ಯ. ಹುಣ್ಣು, ಕಜ್ಜಿ, ಕಣ್ಣುಬೇನೆ, ಚಳಿಜ್ವರಗಳಿಗೆ ಔಷಧಿ ಕೊಡುವುದು, ಮಕ್ಕಳಿಗೆ ಅಕ್ಷರ ಕಲಿಸುವುದು, ಕುಷ್ಠರೋಗಿಗಳ ಗಾಯ ತೊಳೆದು ಕಟ್ಟುವುದು, ಜಗಳಗಳಿಗೆ ಕಿವಿಗೊಡುವುದು, ಇಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು. ಔಷಧಿ ಪಡೆದವರು ‘ಗುನಿಯಾ’ನನ್ನು, ಅಂದರೆ ರೋಗದ ಹಿಂದಿರುವ ದೆವ್ವ-ದೇವರನ್ನು ಪತ್ತೆಹಚ್ಚುವ ಊರ ಮಾಂತ್ರಿಕನನ್ನು, ಬಿಡುತ್ತಿರಲಿಲ್ಲ, ಎರಡೂ ಕಡೆ ಹರಕೆ ಸಲ್ಲಿಸಿ ಸುರಕ್ಷಿತವಾಗಿರುವುದು ಅವರ ಲೆಕ್ಕಾಚಾರ. ಮಳೆಗಾಲದಲ್ಲಿ ಹಳ್ಳಕೊಳ್ಳ ತುಂಬಿ ಹೊರಗಿನ ಸಂಪರ್ಕ ಕಡಿಯುತ್ತಿತ್ತು. ಗೆದ್ದಲು, ಇಲಿ, ಸೊಳ್ಳೆಗಳ ಕಾಟ ಬೇರೆ. ಔಷಧಿ ಕೊಡುವವರೇ ಮತ್ತೆ ಮತ್ತೆ ಚಳಿಜ್ವರದಿಂದ ಮಲಗುತ್ತಿದ್ದರು. ಖರ್ಚು ನಡೆಯುತ್ತಿದ್ದುದು ಮುಂಬಯಿ ಮತ್ತು ಇಂಗ್ಲೆಂಡಿನ ಸ್ನೇಹಿತರು ಕಳುಹಿಸುತ್ತಿದ್ದ ದೇಣಿಗೆಯಿಂದ. ಹಾಗಾಗಿ ಊರೂರಿಗೆ ಪತ್ರ ಬರೆದು ಹಣ ಬೇಡುವುದೂ ದಿನಚರಿಯ ಒಂದು ಭಾಗವಾಗಿತ್ತು.

ಈ ದಿನಚರಿಯೇ ಎಲ್ವಿನ್ ಅವರ ವಿಚಾರವನ್ನು ಬದಲಿಸಿತು. ಬರುವಾಗ ಅವರ ಬಳಿ ಚರಕವಿತ್ತು, ಪಾನನಿಷೇಧದ ಪಾಠವಿತ್ತು. ಹತ್ತಿ ಬೆಳೆಯದ ನಾಡಿನಲ್ಲಿ ನೂಲು ತೆಗೆಯಿರೆನ್ನುವುದು ಅರ್ಥಹೀನವೆಂದೂ, ಹುಟ್ಟು, ಮದುವೆ, ಸಾವು ಎಲ್ಲದರಲ್ಲೂ ಪಾಲಿರುವ ಇಪ್ಪೆಹೂವಿನ ಮದ್ಯವನ್ನೂ ಕುಣಿತವನ್ನೂ ಕಿತ್ತುಕೊಂಡರೆ ಆ ಜನರಿಗೆ ಉಳಿಯುವ ಸಂತೋಷ ಅಲ್ಪವೆಂದೂ ಅವರಿಗೆ ಕ್ರಮೇಣ ಮನದಟ್ಟಾಯಿತು. ಗೊಂಡರನ್ನು ಮತಾಂತರಿಸಲು ಅವರು ಒಪ್ಪಲಿಲ್ಲ. ನಾಗಪುರದ ಬಿಷಪ್ ಅವರಿಗೆ ಪಾದ್ರಿಯಾಗಿ ದುಡಿಯಲು ಪರವಾನಗಿ ಕೊಡಲಿಲ್ಲ. 1935ರಲ್ಲಿ ಚರ್ಚನ್ನೇ ತೊರೆದರು. ಕಾಡು ಕಡಿದು ಸುಟ್ಟು, ಬೂದಿಯಲ್ಲಿ ಬೀಜ ಬಿತ್ತುವ ‘ಬೇವಾರ್’ ಪದ್ಧತಿಯನ್ನು (ನಮ್ಮ ಮಲೆನಾಡಿನವರು ಕುಮರಿ ಬೇಸಾಯವೆನ್ನುವುದು ಇದನ್ನೇ) ಬ್ರಿಟಿಷ್ ಅರಣ್ಯ ಇಲಾಖೆ ನಿರ್ಬಂಧಿಸಿದ್ದರಿಂದ ಬೈಗಾ ಬುಡಕಟ್ಟಿನವರು ಹೇಗೆ ಕುಗ್ಗಿದರೆಂಬುದನ್ನು 1939ರ ‘ದ ಬೈಗಾ’ ಗ್ರಂಥ ವಿವರಿಸಿತು. ಬುಡಕಟ್ಟುಗಳನ್ನು ಹೊರಗಿನವರ ಒತ್ತಡದಿಂದ ಕಾಪಾಡಬೇಕೆಂಬ ಈ ವಾದಕ್ಕೆ ಎದುರಾಗಿ, ಅವರು ಹಿಂದೂ ಸಮಾಜದ ಹಿಂದುಳಿದ ಭಾಗವೇ ಎಂದು ಸಮಾಜಶಾಸ್ತ್ರಜ್ಞ ಜಿ. ಎಸ್. ಘುರ್ಯೆ 1943ರಲ್ಲಿ ಬರೆದ ಪುಸ್ತಕವನ್ನು ಹೊರತಂದದ್ದು ಪುಣೆಯ ಗೋಖಲೆ ರಾಜ್ಯಶಾಸ್ತ್ರ ಮತ್ತು ಅರ್ಥಶಾಸ್ತ್ರ ಸಂಸ್ಥೆ ಎಂಬುದು ಗಮನಾರ್ಹ. ಆ ವಾದ ಇಂದಿಗೂ ಮುಗಿದಿಲ್ಲ.

ಎಲ್ವಿನ್ ಅವರ ಬದುಕಿನಲ್ಲಿ ಪ್ರಶ್ನಿಸಬೇಕಾದುದೂ ಇದೆ. ಅವರು 1940ರಲ್ಲಿ ತಮಗಿಂತ ಬಹಳ ಚಿಕ್ಕವಳಾದ ಗೊಂಡ ಹುಡುಗಿಯನ್ನು ಮದುವೆಯಾಗಿ, 1949ರಲ್ಲಿ ವಿಚ್ಛೇದನ ಪಡೆದರು. ಸೇವೆಗೆಂದು ಬಂದ ವಿದ್ಯಾವಂತನಿಗೂ ಸೇವೆ ಪಡೆಯುವ ಊರಿಗೂ ನಡುವಿನ ಅಧಿಕಾರದ ಅಂತರ ಎಂಥದೆಂಬುದನ್ನು ಈ ಪ್ರಸಂಗ ತೋರಿಸುತ್ತದೆ. ಅವರ ಪಾಂಡಿತ್ಯವನ್ನು ಮುಂದಿಟ್ಟು ಇದನ್ನು ಮರೆಸುವುದು ಸರಿಯಲ್ಲ.

1954ರಲ್ಲಿ ಭಾರತದ ಪೌರತ್ವ ಪಡೆದ ಎಲ್ವಿನ್, ಈಶಾನ್ಯ ಗಡಿನಾಡಿನ ಆಡಳಿತಕ್ಕೆ ಬುಡಕಟ್ಟು ವ್ಯವಹಾರಗಳ ಸಲಹೆಗಾರರಾಗಿ ಶಿಲ್ಲಾಂಗಿಗೆ ತೆರಳಿದರು. ಅವರಿಗೆ 1961ರಲ್ಲಿ ಪದ್ಮಭೂಷಣ ಬಂತು, ಆತ್ಮಕಥೆಗೆ ಮರಣಾನಂತರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಸಂದಿತು. ಮಂಡ್ಲಾದಲ್ಲಿ ಉಳಿದವರು ಶ್ಯಾಮರಾವ್. ಎಲ್ವಿನ್ ಸಂಶೋಧನೆಗೆಂದು ಕಾಡು ಸುತ್ತುತ್ತಿದ್ದ ವರ್ಷಗಳಲ್ಲಿ ಔಷಧಾಲಯ, ಶಾಲೆ, ಪಂಚಾಯಿತಿಗಳ ಭಾರವನ್ನು ಬಹುಪಾಲು ಹೊತ್ತಿದ್ದವರೂ, ಊರವರ ಬಾಯಲ್ಲಿ ‘ಛೋಟಾ ಭಾಯಿ’ ಆಗಿದ್ದವರೂ ಅವರೇ. ಗೊಂಡರ ಗಾಯಕರೂ ವಂಶಾವಳಿ ಹೇಳುವವರೂ ಆದ ಪರ್ಧಾನರನ್ನು ಕುರಿತು ಅವರು 1946ರಲ್ಲಿ ಬರೆದ ಗ್ರಂಥ ಎಲ್ವಿನ್ ಅವರ ಪುಸ್ತಕಗಳಷ್ಟು ಹೆಸರಾಗಲಿಲ್ಲ. ಇಬ್ಬರೂ ಕೆಲಕಾಲ ನೆಲೆಸಿದ್ದ ಪಾಟನ್‌ಗಢದ ಪರ್ಧಾನ ಕುಟುಂಬವೊಂದರಲ್ಲೇ ಮುಂದೆ ಗೊಂಡ ಚಿತ್ರಕಾರ ಜನಗಢ ಸಿಂಗ್ ಶ್ಯಾಮ್ ಹುಟ್ಟಿದರು. ಗೊಂಡ ಚಿತ್ರಕಲೆಯನ್ನು ಮೆಚ್ಚುವ ಓದುಗರು ಎಲ್ವಿನ್ ಅವರ ದಿನಚರಿಯ ಜೊತೆಗೆ ಹಿವಾಳೆಯವರ ಆ ಗ್ರಂಥವನ್ನೂ ಹುಡುಕಿ ಓದಬೇಕು.